ಚಳಿಗಾಲದ ಕೊನೆಗೆ ಬರುವ ಬೆಳಗಿನ ತಲೆನೋವು: ಮೊದಲು ಒಲೆಯನ್ನು ನೋಡಿ

ಪ್ರಶ್ನೆ: ನಮ್ಮದು ಬೆಟ್ಟದ ಮೇಲಿನ ಒಂಟಿ ಮನೆ. ಹಿಮ ಕರಗುವವರೆಗೆ ಇಲ್ಲಿಗೆ ವಾಹನ ಬರುವುದಿಲ್ಲ, ಹತ್ತಿರದ ಮನೆಗೆ ಎರಡು ಗಂಟೆಯ ನಡಿಗೆ. ನಾನು, ಯಜಮಾನರು, ಅತ್ತೆ, ಆರು ವರ್ಷದ ಮಗಳು ಇದ್ದೇವೆ. ಮನೆ ಬೆಚ್ಚಗಿಡಲು ಕಬ್ಬಿಣದ ಸೌದೆ ಒಲೆಯೊಂದೇ ಆಸರೆ. ಕಡುಚಳಿಯ ತಿಂಗಳುಗಳು ತೊಂದರೆಯಿಲ್ಲದೆ ಕಳೆದವು. ಈಗ ಹಗಲು ಒಳ್ಳೆಯ ಬಿಸಿಲಿದೆ, ಆದರೂ ಎರಡು ಮೂರು ವಾರಗಳಿಂದ ಒಂದಲ್ಲ ಒಂದು ತೊಂದರೆ. ಮಧ್ಯಾಹ್ನ ಒಲೆ ಹಚ್ಚಿದರೆ ಹೊಗೆ ಕೋಣೆಗೇ ನುಗ್ಗುತ್ತದೆ. ಹೊಗೆಕೊಳವೆಯ ಕೀಲಿನಿಂದ ಕಂದು ನೀರು ಒಸರಿ ಘಾಟು ವಾಸನೆ ಬರುತ್ತದೆ. ಕಿಟಕಿ ಗಾಜು ಸದಾ ಬೆವರುತ್ತದೆ, ಮೂಲೆಗಳಲ್ಲಿ ಕಪ್ಪು ಬೂಷ್ಟು. ಬೆಳಿಗ್ಗೆ ಎದ್ದಾಗ ಮಗಳಿಗೂ ಅತ್ತೆಗೂ ತಲೆನೋವು, ವಾಕರಿಕೆ. ಅಂಗಳದಲ್ಲಿ ಸ್ವಲ್ಪ ಹೊತ್ತು ಓಡಾಡಿದರೆ ಕಡಿಮೆಯಾಗುತ್ತದೆ. ಸೌದೆ ಮುಗಿಯುತ್ತಾ ಬಂತೆಂದು ಯಜಮಾನರು ರಾತ್ರಿ ಕೆಂಡ ಉಳಿಸಿ, ಗಾಳಿಕಿಂಡಿ ಮುಚ್ಚಿ ಮಲಗುತ್ತಾರೆ. ಒಲೆಯ ಪಕ್ಕ ನೀರಿನ ಪಾತ್ರೆ ಇಟ್ಟರೆ ಕೆಟ್ಟ ಗಾಳಿಯನ್ನು ನೀರು ಹೀರಿಕೊಳ್ಳುತ್ತದೆ ಎನ್ನುತ್ತಾರೆ ಅತ್ತೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ನೋಡಿದರೆ 96 ತೋರಿಸಿತು. ಇದು ಶೀತವೇ, ಬೂಷ್ಟಿನ ಕಾಟವೇ, ಒಲೆಯದ್ದೇ? ಒಲೆಯದ್ದಾದರೆ, ಅದನ್ನು ಬಿಟ್ಟು ಇಲ್ಲಿ ಇರುವುದು ಹೇಗೆ?

ಉತ್ತರ: ಬೂಷ್ಟು, ಬೆವರುವ ಗಾಜು, ಸೌದೆಯ ಚಿಂತೆ ಎಲ್ಲವನ್ನೂ ಆಮೇಲೆ ನೋಡೋಣ. ಮೊದಲು ತಲೆನೋವಿನ ಮಾತು. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬೆಳಿಗ್ಗೆ ತಲೆನೋವು ಮತ್ತು ವಾಕರಿಕೆ, ಹೊರಗೆ ಹೋದರೆ ಆರಾಮ, ರಾತ್ರಿಯಿಡೀ ಒಳಗೆ ಕೆಂಡ. ಈ ಮೂರೂ ಒಟ್ಟಿಗೆ ಇರುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಅಲ್ಲವೆಂದು ಖಚಿತವಾಗುವವರೆಗೆ ಅದೇ ಎಂದು ತಿಳಿದು ನಡೆಯಬೇಕು. ಇದನ್ನು ಓದುತ್ತಿರುವ ಹೊತ್ತಿಗೆ ಒಲೆ ಉರಿಯುತ್ತಿದ್ದರೆ ಕಿಟಕಿ ಬಾಗಿಲು ತೆರೆದು ಅತ್ತೆಯವರನ್ನೂ ಮಗುವನ್ನೂ ಹೊರಗಿನ ಗಾಳಿಗೆ ಕರೆತನ್ನಿ. ಬೆಂಕಿ ತಾನಾಗಿ ಉರಿದು ತಣ್ಣಗಾಗಲಿ. ಇವತ್ತು ರಾತ್ರಿ ಕೆಂಡ ಉಳಿಸಿ ಮಲಗುವುದು ಬೇಡ. ಯಾರಿಗಾದರೂ ಮಾತು ತೊದಲಿದರೆ, ಮಂಕು ಕವಿದರೆ, ಎದೆ ನೋವು ಬಂದರೆ ಅಥವಾ ಒಂದು ಕ್ಷಣ ಪ್ರಜ್ಞೆ ತಪ್ಪಿದರೂ ತುರ್ತು ಸೇವೆಗೆ ಫೋನ್ ಮಾಡಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಬರೀ ತಲೆನೋವಿಗೂ ಫೋನ್ ಮಾಡಬೇಕು.

ಶೀತಜ್ವರವಾಗಿದ್ದರೆ ಸಾಮಾನ್ಯವಾಗಿ ಮೈ ಬಿಸಿಯಾಗುತ್ತದೆ, ಮೂಗು ಸೋರುತ್ತದೆ, ಅಂಗಳಕ್ಕೆ ಹೋದ ಮಾತ್ರಕ್ಕೆ ಬಿಡುವುದಿಲ್ಲ. ಬೂಷ್ಟು ಕೆಮ್ಮು ತರಿಸಬಹುದು, ಕಣ್ಣು ಮೂಗು ಉರಿಸಬಹುದು. ಆದರೆ ಬೆಳಿಗ್ಗೆ ಇಬ್ಬರಿಗೆ ಒಟ್ಟಿಗೆ ತಲೆ ಹಿಡಿಸಿ, ಹೊರಗೆ ಹೋದೊಡನೆ ಬಿಡುವುದು ಅದರ ಲಕ್ಷಣವಲ್ಲ. ಆಕ್ಸಿಮೀಟರ್ ತೋರಿಸಿದ 96 ಕೂಡ ಧೈರ್ಯ ಕೊಡುವ ಸಂಖ್ಯೆಯಲ್ಲ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾಗೆ ಹಿಡಿದ ರಕ್ತವೂ ಕೆಂಪಾಗಿಯೇ ಇರುವುದರಿಂದ ಬೆರಳಿನ ಮಾಪಕ ಅದನ್ನು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸುತ್ತದೆ. ವಿಷ ಏರಿದವರಲ್ಲೂ ಅದು ಒಳ್ಳೆಯ ಸಂಖ್ಯೆಯನ್ನೇ ತೋರಿಸಬಹುದು. ಈ ಕೆಲಸಕ್ಕೆ ಆ ಯಂತ್ರವನ್ನು ನಂಬಲೇಬೇಡಿ.

ಮಗಳಿಗೆ ಮೊದಲು ಯಾಕೆ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಚಿಕ್ಕ ಮೈಯವರು ತಮ್ಮ ತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ವಿಷವೂ ಬೇಗ ಏರುತ್ತದೆ. ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಗಣಿಗಳಿಗೆ ಇಲಿ, ಕ್ಯಾನರಿ ಹಕ್ಕಿಯಂಥ ಪುಟ್ಟ ಜೀವಿಗಳನ್ನು ಒಯ್ಯಲು ಹೇಳಿದ್ದು ಇದೇ ಕಾರಣಕ್ಕೆ. ಮನುಷ್ಯನಿಗೆ ಗೊತ್ತಾಗುವ ಮೊದಲೇ ಅವು ಕುಸಿಯುತ್ತಿದ್ದವು. ವಯಸ್ಸಾದವರ ಹೃದಯಕ್ಕೆ ಕಡಿಮೆ ಆಮ್ಲಜನಕವನ್ನು ತಾಳುವ ಶಕ್ತಿ ಇರುವುದಿಲ್ಲ. ನಿಮಗೂ ಯಜಮಾನರಿಗೂ ಏನೂ ಆಗಿಲ್ಲ ಎಂದರೆ ಗಾಳಿ ಸರಿಯಿದೆ ಎಂದಲ್ಲ, ನಿಮ್ಮ ಸರದಿ ಇನ್ನೂ ಬಂದಿಲ್ಲ ಎಂದಷ್ಟೇ.

ಅತ್ತೆಯವರ ನೀರಿನ ಪಾತ್ರೆಯ ಬಗ್ಗೆ. ಈ ನಂಬಿಕೆಯನ್ನು ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ. ಹಿರಿಯರು ಅದನ್ನು ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಪಾತ್ರೆಯ ನೀರು ಅದನ್ನು ತಡೆಯಲಾರದು. ಅದು ಭಾರವಾಗಿ ನೆಲದಲ್ಲಿ ಕೂರುತ್ತದೆ, ಮಂಚದ ಮೇಲೆ ಮಲಗಿದರೆ ಸಾಕು ಎನ್ನುವವರೂ ಇದ್ದಾರೆ. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಕೋಣೆಯೆಲ್ಲ ಬೆರೆತುಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯದ ನಂಬಿಕೆ 'ಹೊಗೆ ಇಲ್ಲ, ಅಂದರೆ ಭಯವಿಲ್ಲ' ಎನ್ನುವುದು. ಮಧ್ಯಾಹ್ನ ಕೋಣೆಗೆ ನುಗ್ಗುವ ಹೊಗೆ ಕಣ್ಣು ಉರಿಸಿ ನಿಮ್ಮನ್ನು ಎಬ್ಬಿಸಿ ಹೊರಗೆ ಕಳಿಸುತ್ತದೆ. ರಾತ್ರಿಯ ಕೆಂಡಕ್ಕೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಗಾಳಿ ಸಾಲದೆ ಕುಮುಲುವ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಯಥೇಚ್ಛವಾಗಿ ಹುಟ್ಟುವುದು. ಗಾಳಿಕಿಂಡಿ ಮುಚ್ಚಿದರೆ ಅದು ಇನ್ನೂ ಹೆಚ್ಚುತ್ತದೆ, ಜೊತೆಗೆ ಕೊಳವೆ ತಣ್ಣಗಾಗಿ ಮೇಲಕ್ಕೆ ಎಳೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಎಂದು ನನ್ನ ಊಹೆ.

ಹಾಗಿದ್ದರೆ ಕಡುಚಳಿಯಲ್ಲಿ ಯಾಕೆ ಆಗಲಿಲ್ಲ? ಚಳಿಗಾಲದ ಕೊನೆಗೆ ಹಲವು ಕಾರಣಗಳು ಒಟ್ಟಿಗೆ ಕೂಡುತ್ತವೆ. ಅದಕ್ಕೇ ನನಗೆ ಇಂಥ ಕರೆಗಳು ಹೆಚ್ಚು ಬರುವುದು ನಡು ಚಳಿಗಾಲದಲ್ಲಲ್ಲ, ಹಿಮ ಕರಗಲು ಶುರುವಾದಾಗ.

ಹೊಗೆಕೊಳವೆಗೆ ಮೋಟಾರು ಇಲ್ಲ. ಒಳಗಿನ ಬಿಸಿ ಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ, ಈ ವ್ಯತ್ಯಾಸವೇ ಹೊಗೆಯನ್ನು ಮೇಲಕ್ಕೆ ಎತ್ತುವುದು. ಹೊರಗೆ ಮೈನಸ್ 15 ಡಿಗ್ರಿ ಇದ್ದದ್ದು ಈಗ ಹಗಲಲ್ಲಿ 8 ಡಿಗ್ರಿ ಆಯಿತೆನ್ನಿ. ಜೋರು ಬೆಂಕಿಯಿದ್ದು ಕೊಳವೆಯ ಒಳಗೆ 200 ಡಿಗ್ರಿ ಇದ್ದರೆ ಸೆಳೆತ ಕಡಿಮೆಯಾಗುವುದು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ, ಅದು ಗೊತ್ತೇ ಆಗುವುದಿಲ್ಲ. ಆದರೆ ಬಿಸಿಲು ಬಂತೆಂದು, ಸೌದೆ ಉಳಿಸಬೇಕೆಂದು ನೀವು ಸಣ್ಣ ಬೆಂಕಿ ಮಾಡುತ್ತಿದ್ದೀರಿ, ಕೊಳವೆ 70 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಆಗ ಲೆಕ್ಕ ಹಾಕಿದರೆ, ಕಡುಚಳಿಯ ಜೋರು ಬೆಂಕಿಗೆ ಇದ್ದ ಸೆಳೆತದಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿದಿರುತ್ತದೆ. ಎತ್ತರದ ಜಾಗದಲ್ಲಿ ಗಾಳಿಯೇ ತೆಳು; ಸಮುದ್ರಮಟ್ಟದಿಂದ 2,500 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆ, ಸೆಳೆತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಮಧ್ಯಾಹ್ನವೇ ಹೊಗೆ ನುಗ್ಗುವುದಕ್ಕೆ ಬೆಟ್ಟದ ಗಾಳಿಯೂ ಕಾರಣವಿರಬಹುದು. ಬಿಸಿಲಿಗೆ ಇಳಿಜಾರು ಕಾಯುತ್ತಿದ್ದಂತೆ ಗಾಳಿ ಕಣಿವೆಯಿಂದ ಮೇಲಕ್ಕೆ ಏರುತ್ತದೆ, ಸಂಜೆಯಾದ ಮೇಲೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಅಥವಾ ಹಿಂದಿನ ದಿಬ್ಬಕ್ಕಿಂತ ತಗ್ಗಿದ್ದರೆ ಆ ಗಾಳಿ ಸುಳಿಯಾಗಿ ಒಳಕ್ಕೆ ಒತ್ತುತ್ತದೆ. ಇದರ ಜೊತೆಗೆ ಹಿಮ. ನೆಲದ ಮೇಲಿನ ಹಿಮ ಅತಿ ದಪ್ಪಗಿರುವುದು ಬಹಳ ಕಡೆ ಚಳಿಗಾಲದ ಕೊನೆಗೇ. ಗೋಡೆಯ ಬುಡದಲ್ಲಿ ಒಲೆಗೆ ಗಾಳಿ ತರುವ ತೂತು ಇದ್ದರೆ ಅದು ಹೂತುಹೋಗಿರಬಹುದು. ಕೊಳವೆಯ ಟೋಪಿಗೆ ಬಲೆ ಹಾಕಿಸಿದ್ದರೆ ಅದರ ಕಣ್ಣುಗಳಲ್ಲಿ ಮಸಿ ಕಟ್ಟಿ, ಹಗಲು ಕರಗಿದ ನೀರು ಅದರ ಮೇಲೆಯೇ ರಾತ್ರಿ ಗಟ್ಟಿಯಾಗುತ್ತದೆ. ಇವೆರಡನ್ನೂ ನಾಳೆ ಬೆಳಕಿನಲ್ಲಿ ನೋಡಿ. ಮಾಡಿನ ಮೇಲೆ ಹತ್ತಬೇಡಿ, ದುರ್ಬೀನು ಇದ್ದರೆ ಅಂಗಳದಿಂದಲೇ ಕಾಣುತ್ತದೆ.

ಇನ್ನು ಸೌದೆ. ರಾಶಿಯ ತಳದ ಸೌದೆ ಎಂದರೆ ನೆಲದ ತೇವವನ್ನೂ ಕರಗಿದ ಹಿಮದ ನೀರನ್ನೂ ಕುಡಿದ ಸೌದೆ. ಒಲೆಗೆ ಹೊಂದುವ ಸೌದೆಯ ತೂಕದಲ್ಲಿ ನೀರಿನ ಪಾಲು ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. 40 ಇದ್ದರೆ ಒಂದು ಕಿಲೋ ಕಟ್ಟಿಗೆಯಲ್ಲಿ 400 ಗ್ರಾಂ ನೀರು. ಆ ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಒಂದಷ್ಟು ಶಕ್ತಿ ಹೋಗುತ್ತದೆ, ಉರಿ ತಣ್ಣಗಾಗುತ್ತದೆ, ಅರೆಬೆಂದ ಹೊಗೆ ಕೊಳವೆಯ ತಣ್ಣನೆಯ ಒಳಮೈಗೆ ತಗುಲಿ ಟಾರಿನಂತೆ ಹಿಡಿಯುತ್ತದೆ. ಇದಕ್ಕೆ ಕ್ರಿಯೊಸೋಟ್ ಎನ್ನುತ್ತಾರೆ. ಕೊಳವೆಯೊಳಗಿನ ಬಿಸಿ 120 ಡಿಗ್ರಿಗಿಂತ ಕೆಳಗಿಳಿದರೆ ಅದು ಬೇಗ ಬೇಗ ಕಟ್ಟುತ್ತದೆ. ಕೀಲಿನಲ್ಲಿ ಒಸರುವ ಕಂದು ನೀರು ಬೇರೇನಲ್ಲ, ಇದೇ ಹೊಗೆರಸ, ಸೌದೆಯ ಆವಿಯೊಂದಿಗೆ ಇಳಿದು ಬರುತ್ತಿರುವುದು. ಹಾಗಾಗಿ ಸಣ್ಣ ಬೆಂಕಿಯಿಂದ ಸೌದೆ ಉಳಿಯುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಕುಮುಲುವ ಬೆಂಕಿಯಲ್ಲಿ ಉರಿಯಬೇಕಾದ ಅನಿಲಗಳು ಉರಿಯದೆ ಹೊರಗೆ ಹೋಗುತ್ತವೆ. ನೀವು ಹೊತ್ತು ತಂದ ಸೌದೆಯ ಒಂದು ಭಾಗ ಕೊಳವೆಯ ಗೋಡೆಗೆ ಅಂಟಿದೆ, ಒಂದು ಭಾಗ ಆಕಾಶಕ್ಕೆ ಹೋಗಿದೆ.

ಈಗ ಏನು ಮಾಡಬಹುದು ಎನ್ನುವುದಕ್ಕೆ ಬರೋಣ. ಒಲೆ ಬಿಟ್ಟು ಬದುಕಿ ಎಂದು ನಾನು ಹೇಳುವುದಿಲ್ಲ. ಆದರೆ ಕೊಳವೆಯ ಒಳಗೆ ನೋಡದೆ ಜೋರು ಬೆಂಕಿ ಹಾಕಿ ಎಂದೂ ಹೇಳಲಾರೆ.

ಒಲೆ ಪೂರ್ತಿ ತಣ್ಣಗಾದ ಮೇಲೆ ಕೊಳವೆಯ ಬುಡದ ಸ್ವಚ್ಛತಾ ಬಾಗಿಲು ತೆಗೆದು ಒಂದು ಕನ್ನಡಿ ಮತ್ತು ಟಾರ್ಚ್ ಹಿಡಿದು ಮೇಲಕ್ಕೆ ನೋಡಿ. ಮಸಿ ಪುಡಿಪುಡಿಯಾಗಿದ್ದರೆ, ಬೆರಳಿಗೆ ಒಣ ಮಸಿಯಂತೆ ಹತ್ತಿದರೆ ಬ್ರಷ್‌ಗೆ ಬರುತ್ತದೆ. ಚಕ್ಕೆಚಕ್ಕೆಯಾಗಿ ಉದುರುವಂತಿದ್ದರೂ ಕಷ್ಟಪಟ್ಟು ತೆಗೆಯಬಹುದು. ಮಸಿಯ ಪದರ 3 ಮಿಲಿಮೀಟರ್ ಮುಟ್ಟಿದರೆ ತೆಗೆಯದೆ ಮತ್ತೆ ಒಲೆ ಹಚ್ಚಬಾರದು. ಕಪ್ಪು ಗಾಜಿನಂತೆ ಮಿರುಗುತ್ತಾ, ಉಗುರು ಹಾಕಿದರೂ ಏಳದಂತಿದ್ದರೆ ಅದು ಮನೆಯಲ್ಲಿ ಆಗುವ ಕೆಲಸವಲ್ಲ, ತಿಳಿದವರು ಬರುವವರೆಗೆ ಆ ಒಲೆ ಮುಚ್ಚಿಯೇ ಇರಲಿ. ಆ ಪದರಕ್ಕೆ ಕಿಡಿ ಹತ್ತಿದರೆ ಕೊಳವೆಯ ಒಳಗಿನ ಬಿಸಿ 1,000 ಡಿಗ್ರಿ ದಾಟಬಹುದು. ಕೊಳವೆ ಗುಡುಗಿದಂತೆ ಸದ್ದು ಮಾಡತೊಡಗಿದರೆ ಅದು ಒಳಗೆ ಬೆಂಕಿ ಹೊತ್ತಿದ ಗುರುತು. ಒಲೆಯ ಬಾಗಿಲು ಮತ್ತು ಗಾಳಿಕಿಂಡಿ ಮುಚ್ಚಿ ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದಲೇ ಸಹಾಯ ಕರೆಯಿರಿ. ಕಾದ ಕೊಳವೆಗೆ ನೀರು ಸುರಿಯಬೇಡಿ, ಅದು ಸಿಡಿದು ಬಿರುಕು ಬಿಡುತ್ತದೆ.

ಬ್ರಷ್ ಮಾಡುವುದಿದ್ದರೆ ಕೆಳಗಿನಿಂದ, ಒಂದಕ್ಕೊಂದು ಜೋಡಿಸುವ ಕೋಲುಗಳಿಂದ ಮಾಡಿ. ಈ ಋತುವಿನಲ್ಲಿ ಮಾಡಿನ ಮೇಲೆ ಮೇಲ್ಪದರ ಕರಗಿ ಅದರಡಿಯಲ್ಲಿ ಮಂಜುಗಡ್ಡೆ ಇರುತ್ತದೆ. ಚಿಮಣಿ ಗುಡಿಸಲು ಹತ್ತಿ ಜಾರಿಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಬಲ್ಲೆ. ರಸ್ತೆ ಇಲ್ಲದ ಜಾಗದಲ್ಲಿ ಅದು ಸಣ್ಣ ಗಾಯವಲ್ಲ.

ಕೊಳವೆ ಚೊಕ್ಕಟವಾಗಿದೆ, ಟೋಪಿಯ ಬಲೆ ತೆರೆದಿದೆ, ಗಾಳಿಯ ತೂತು ಹಿಮದಿಂದ ಬಿಡಿಸಿದ್ದೀರಿ ಎಂದಾದರೆ ಬೆಂಕಿ ಮಾಡುವ ಕ್ರಮ ಬದಲಿಸಿ. ಸೌದೆಯನ್ನು ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಒಣಗಿದ್ದನ್ನು ಆರಿಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಒಂದೂವರೆ ಎರಡು ಗಂಟೆ ಗಾಳಿ ಪೂರ್ತಿ ಬಿಟ್ಟು ಚುರುಕಾಗಿ ಉರಿಸಿ. ಆಮೇಲೆ ಕೆಂಡವೂ ಆರಿ ಬೂದಿಯಾಗುವವರೆಗೆ ಗಾಳಿಕಿಂಡಿ ತೆರೆದೇ ಇರಲಿ. ಯಜಮಾನರಿಗೆ ಇದು ದುಂದು ಎನ್ನಿಸಬಹುದು. ಆದರೆ ಹಗಲಿಡೀ ಕುಮುಲಿಸುವುದಕ್ಕಿಂತ ಇದರಲ್ಲಿ ಕಿಲೋ ಸೌದೆಗೆ ಸಿಗುವ ಬಿಸಿ ಹೆಚ್ಚು. ಹಚ್ಚುವ ಮೊದಲು ಒಂದು ಪರೀಕ್ಷೆ: ಬೆಂಕಿಕಡ್ಡಿ ಗೀರಿ ಆರಿಸಿ, ಅದರ ಹೊಗೆಯನ್ನು ಒಲೆಯ ತೆರೆದ ಬಾಗಿಲಿಗೆ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ನಿಮ್ಮ ಮುಖದ ಕಡೆಗೆ ಬಂದರೆ ಗಾಳಿ ಕೊಳವೆಯಲ್ಲಿ ಕೆಳಮುಖವಾಗಿ ಹರಿಯುತ್ತಿದೆ. ಒಂದೆರಡು ಹಾಳೆ ಕಾಗದ ಉರಿಸಿ ಕೊಳವೆ ಕಾಯಿಸಿ ಮತ್ತೆ ನೋಡಿ. ಆಗಲೂ ತಿರುಗದಿದ್ದರೆ ಆ ಹೊತ್ತಿಗೆ ಬೆಂಕಿ ಬೇಡ.

ಕಿಟಕಿ ತೆರೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಬೆಚ್ಚಗಿರುವ ಮನೆಯಲ್ಲಿ ಗಾಳಿ ತಾನೇ ಮೇಲೇರುತ್ತಿರುತ್ತದೆ. ಒಲೆ ಉರಿಯುವಾಗ ಮೇಲಿನ ಅಂತಸ್ತಿನ ಕಿಟಕಿ ಮಾತ್ರ ತೆರೆದರೆ ಮನೆಯೇ ಹೊಗೆಕೊಳವೆಯ ಜೊತೆ ಸ್ಪರ್ಧೆಗೆ ಇಳಿದು ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಲೆಯ ಹತ್ತಿರದ, ತಗ್ಗಿನ, ಗಾಳಿ ಬೀಸುವ ಕಡೆಯ ಕಿಟಕಿಯನ್ನು ಎರಡು ಬೆರಳು ತೆರೆಯಿರಿ. ಅಡುಗೆಮನೆಯ ಫ್ಯಾನ್ ಇದ್ದರೆ ಆಗ ಹಾಕಬೇಡಿ. ಚಳಿಗೆಂದು ಬಾಗಿಲ ಸಂದಿಗಳಿಗೆಲ್ಲ ಬಟ್ಟೆ ತುರುಕಿದ್ದರೆ ಒಲೆಗೆ ಉಸಿರಾಡಲು ಒಂದು ಸಂದಿಯನ್ನಾದರೂ ಬಿಡಿ.

ರಾತ್ರಿ ಬೆಂಕಿಯಿಲ್ಲದೆ ಚಳಿಯಾಗುವುದು ನಿಜ. ನಾಲ್ವರೂ ಒಂದೇ ಚಿಕ್ಕ ಕೋಣೆಯಲ್ಲಿ, ಒಲೆಯಿಲ್ಲದ ಕೋಣೆಯಲ್ಲಿ, ಹೊದಿಕೆ ಕೂಡಿಹಾಕಿಕೊಂಡು ಮಲಗಿ. ಸಂಜೆಯ ಬೆಂಕಿಯಲ್ಲಿ ಕಾಯಿಸಿದ ನೀರನ್ನು ಬಿಗಿ ಮುಚ್ಚಳದ ಬಾಟಲಿಗಳಿಗೆ ತುಂಬಿ ಬಟ್ಟೆ ಸುತ್ತಿ ಹಾಸಿಗೆಯಲ್ಲಿ ಇಟ್ಟುಕೊಳ್ಳಿ. ನಲ್ಲಿಯ ಕೊಳಾಯಿ ಹೆಪ್ಪುಗಟ್ಟುವ ಭಯವಿದ್ದರೆ ನೀರು ಬಸಿದುಬಿಡಿ. ಬಿಸಿಗೆಂದು ಕೆಂಡದ ಬಾಣಲೆಯನ್ನಂತೂ ಕೋಣೆಯೊಳಗೆ ತರಬೇಡಿ. ಕೊಳವೆಯಿಲ್ಲದ ಸೀಮೆಎಣ್ಣೆ ಅಥವಾ ಗ್ಯಾಸ್ ಹೀಟರ್ ಕೂಡ ರಾತ್ರಿಗೆ ಹೇಳಿದ್ದಲ್ಲ. ಅದರ ಹೊಗೆ ಕೋಣೆಯಲ್ಲೇ ಉಳಿಯುತ್ತದೆ, ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗೂ ಹೆಚ್ಚು ನೀರು ಆವಿಯಾಗಿ ಗೋಡೆಗೆ ಸೇರುತ್ತದೆ. ಒಲೆಯಿಂದ ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮನೆಯಿಂದ ದೂರ ಇಡಿ. ಅದರೊಳಗಿನ ಕಿಡಿ ಎರಡು ಮೂರು ದಿನ ಜೀವಂತವಿರುತ್ತದೆ.

ಸೌದೆ ಆರಿಸುವುದು ಹೀಗೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. ಸಂಶಯವಿದ್ದರೆ ಒಂದನ್ನು ಸೀಳಿ ಹೊಸ ಮುಖವನ್ನು ಕೆನ್ನೆಗೆ ಒತ್ತಿ ನೋಡಿ, ಒದ್ದೆ ತಣುಪು ಅಲ್ಲೇ ತಿಳಿಯುತ್ತದೆ. ಬೆಂಕಿಗೆ ಹಾಕಿದಾಗ ತುದಿಯಲ್ಲಿ ನೊರೆ ಬಂದು ಸಿಳ್ಳೆಯಂತೆ ಸದ್ದು ಬಂದರೆ ಅದು ಈ ಚಳಿಗಾಲದ ಸೌದೆಯಲ್ಲ. ಎರಡು ಮೂರು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಸೀಳಿ ಒಳಗಿಡಿ, ಒಲೆಯಿಂದ ಒಂದು ಮೀಟರ್ ದೂರದಲ್ಲಿ. ರಾಶಿಯನ್ನೆಲ್ಲ ಒಳಗೆ ತಂದರೆ ಅದರ ತೇವವೂ ಮನೆಯ ಗಾಳಿಗೇ ಸೇರುತ್ತದೆ.

ಬೆವರುವ ಗಾಜಿಗೂ ಬೂಷ್ಟಿಗೂ ಕಾರಣ ಇದೇ ತೇವ. ಮೈನಸ್ 15 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಒಂದೂವರೆ ಗ್ರಾಂ ನೀರು ಹಿಡಿಯುತ್ತದೆ, 5 ಡಿಗ್ರಿಯದು ಏಳು ಗ್ರಾಂನಷ್ಟು. ಕಡುಚಳಿಯಲ್ಲಿ ಸಂದಿಗಳಿಂದ ಬಂದ ಒಣ ಗಾಳಿ ನಿಮ್ಮ ಮನೆಯನ್ನು ಒಣಗಿಸುತ್ತಿತ್ತು, ಈಗಿನ ಗಾಳಿಗೆ ಆ ಶಕ್ತಿಯಿಲ್ಲ. ಒಲೆ ಆರಿರುವಾಗ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಿ. ಅಷ್ಟರಲ್ಲಿ ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಮಂಚ, ಬೀರುಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿ. ಸದ್ಯಕ್ಕೆ ಇಷ್ಟು ಸಾಕು, ಬೂಷ್ಟು ಬೇಸಿಗೆಗೆ ಕಾಯುತ್ತದೆ.

ಮನೆ ಬಿಟ್ಟು ಇಳಿಯುವುದೂ ಒಂದು ದಾರಿ. ಕೊಳವೆಯಲ್ಲಿ ಗಾಜಿನಂಥ ಪದರ ಕಂಡರೆ, ಅಥವಾ ಕೆಂಡ ಬಿಟ್ಟು ಎರಡು ರಾತ್ರಿ ಕಳೆದ ಮೇಲೂ ತಲೆನೋವು ಇದ್ದರೆ, ಅತ್ತೆ ಮತ್ತು ಮಗುವನ್ನಾದರೂ ಪಕ್ಕದ ಮನೆಗೆ ಕಳಿಸಬೇಕು. ಆದರೆ ಈ ಕಾಲದ ದಾರಿಗೆ ಅದರದೇ ಅಪಾಯವಿದೆ. ರಾತ್ರಿ ಗಟ್ಟಿಯಾದ ಹಿಮ ಬೆಳಿಗ್ಗೆ ಕಾಲಿಗೆ ಆಧಾರ ಕೊಡುತ್ತದೆ, ಬಿಸಿಲು ಏರಿದಂತೆ ನೀರು ಕುಡಿದು ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರುಗಳೇ ಹಿಮಕುಸಿತಕ್ಕೆ ಹೆಚ್ಚು ಈಡಾಗುವುದು. ಅಂಥ ಇಳಿಜಾರಿನ ಅಡಿಯಲ್ಲಿ ಮಧ್ಯಾಹ್ನದ ಮೇಲೆ ನಡೆಯಬೇಡಿ. ನಸುಕಿನಲ್ಲಿ ಹೊರಟು, ಬಿಸಿಲು ಬಲಿಯುವ ಮೊದಲೇ ತಲುಪಿ. ರಾತ್ರಿ ಹೆಪ್ಪುಗಟ್ಟದ ದಿನ, ಮೋಡ ಕವಿದು ಮಳೆ ಬಂದ ದಿನ, ಹೊರಡಲೇಬೇಡಿ. ಹೋಗುವ ಮುನ್ನ ಆ ಮನೆಯವರಿಗೆ ಫೋನಿನಲ್ಲಿ ಹೊರಡುವ ಹೊತ್ತನ್ನು ತಿಳಿಸಿ.

ಬೆಟ್ಟದ ದಾರಿಯಲ್ಲಿ ಯಾರಾದರೂ ಮೇಲಕ್ಕೆ ಬರುವವರಿದ್ದರೆ ಅವರಿಂದ ಮೊದಲು ತರಿಸಬೇಕಾದ್ದು ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಹೊಗೆಯ ಅಲಾರಂ ಈ ಅನಿಲಕ್ಕೆ ಕೂಗುವುದಿಲ್ಲ, ಅದು ಬೇರೆ ಯಂತ್ರ. ಮಲಗುವ ಕೋಣೆಯಲ್ಲಿ ತಲೆಯ ಎತ್ತರಕ್ಕೆ ಒಂದು, ಒಲೆಯಿರುವ ಕೋಣೆಯಲ್ಲಿ ಒಲೆಯಿಂದ ಒಂದರಿಂದ ಮೂರು ಮೀಟರ್ ಆಚೆ ಇನ್ನೊಂದು. ಅದರ ಆಯುಸ್ಸು ಐದರಿಂದ ಹತ್ತು ವರ್ಷ, ಹಿಂದೆ ಬರೆದಿರುವ ದಿನಾಂಕ ನೋಡಿ ಕೊಳ್ಳಿ. ಅದು ಬಂದ ಮೇಲೂ ಮುಚ್ಚಿದ ಗಾಳಿಕಿಂಡಿಯ ಕೆಂಡದ ಜೊತೆ ಮಲಗುವುದಕ್ಕೆ ಅದು ಪರವಾನಗಿಯಲ್ಲ.

ರಸ್ತೆ ತೆರೆದು ಚಿಮಣಿ ಕೆಲಸದವರು ಬಂದಾಗ ಬರೀ ಗುಡಿಸಿ ಕಳಿಸಬೇಡಿ. ಮಾಡಿನಿಂದ ಜಾರಿದ ಹಿಮದ ರಾಶಿ ಕೊಳವೆಯನ್ನು ಕೂದಲೆಳೆಯಷ್ಟು ವಾಲಿಸಿದರೂ ಅಟ್ಟದೊಳಗಿನ ಕೀಲು ಬಿಡುತ್ತದೆ. ಅಲ್ಲಿ ಸೋರಿದರೆ ಕೆಳಗಿನ ಕೋಣೆಯಲ್ಲಿ ಏನೂ ಕಾಣದು. ಅಟ್ಟ ಹತ್ತಿಸಿ ಆ ಕೀಲನ್ನು ಕೈಯಿಟ್ಟು ನೋಡಿಸಿ. ಕೊಳವೆಯ ತುದಿ ಮಾಡನ್ನು ಭೇದಿಸಿದ ಜಾಗದಿಂದ ಮೂರು ಅಡಿ ಮೇಲೆ, ಹತ್ತು ಅಡಿಯ ಒಳಗಿರುವ ಯಾವುದೇ ಭಾಗಕ್ಕಿಂತ ಎರಡು ಅಡಿ ಮೇಲೆ ಇದೆಯೇ ಎಂದು ಅಳೆಸಿ, ಇಲ್ಲದಿದ್ದರೆ ಏರಿಸಿ. ಹೊಸ ಸೌದೆಯನ್ನು ಆಗಲೇ ಸೀಳಿ, ನೆಲ ಮುಟ್ಟದಂತೆ ಅಡ್ಡದಿಮ್ಮಿಗಳ ಮೇಲೆ ಒಟ್ಟಿ, ನೆತ್ತಿಗೆ ಮಾತ್ರ ಹೊದಿಸಿ ಪಕ್ಕಗಳನ್ನು ಗಾಳಿಗೆ ಬಿಡಿ. ಕೊಳವೆಯ ಪರೀಕ್ಷೆಯಲ್ಲಿ ಏನು ಕಂಡಿತೆಂದು, ಎರಡು ರಾತ್ರಿಯ ನಂತರ ಮಗಳು ಹೇಗಿದ್ದಾಳೆಂದು ನನಗೆ ಬರೆಯಿರಿ.